ಬಾವಿಯ ನೀರಿನ ಲೆಕ್ಕ ವೆಬ್‌ಗೆ ಬಂದ ಬಗೆ: ಸೂಪರ್‌ಸೆಟ್ ಸ್ಥಾಪನೆಯ ಒಂದು ಅನುಭವ

ಚಿತ್ರದುರ್ಗ ಜಿಲ್ಲೆಯ ಆರೂ ತಾಲ್ಲೂಕುಗಳಲ್ಲಿ ಆಯ್ದ ತೆರೆದ ಬಾವಿ ಮತ್ತು ಕೊಳವೆ ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡುವ ಸಣ್ಣ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ದತ್ತಾಂಶದ ಹೊಣೆ ನನ್ನದು. ಹಲವು ವರ್ಷಗಳ ಕಾಲ ಈ ಲೆಕ್ಕವೆಲ್ಲ ಎಕ್ಸೆಲ್ ಹಾಳೆಗಳಲ್ಲಿಯೇ ಇತ್ತು. ವರದಿ ಬರೆಯುವ ಹೊತ್ತಿಗೆ ಯಾರಾದರೊಬ್ಬರು ಕುಳಿತು ಗ್ರಾಫ್ ಬಿಡಿಸುತ್ತಿದ್ದರು, ಅದು ಪಿಡಿಎಫ್ ಆಗಿ ಅನುದಾನ ಕೊಟ್ಟವರಿಗೆ ಹೋಗುತ್ತಿತ್ತು. ಬಿಸಿಲಿನಲ್ಲಿ ಬಾವಿಯ ಕಟ್ಟೆಯ ಮೇಲೆ ನಿಂತು ಟೇಪು ಇಳಿಬಿಡುವ ಕಾರ್ಯಕರ್ತರಿಗೆ ಮಾತ್ರ ತಮ್ಮೂರಿನ ಗೆರೆ ಏರಿತೋ ಇಳಿಯಿತೋ ಎಂಬುದು ಕಾಣುತ್ತಿರಲಿಲ್ಲ. ಅಳೆದವರಿಗೆ ಅಳತೆ ಕಾಣಬೇಕು, ಅದೂ ಕನ್ನಡದಲ್ಲಿ, ಅವರ ಕೈಯಲ್ಲಿರುವ ಮೊಬೈಲಿನಲ್ಲಿಯೇ ಕಾಣಬೇಕು ಎಂಬುದು ನಮ್ಮ ಉದ್ದೇಶವಾಗಿತ್ತು.

ಇದಕ್ಕೆ ಸಾಧನಗಳು ಬೇಕಾದಷ್ಟಿವೆ. ಗ್ರಫಾನಾ ಬಲು ಸೊಗಸಾದ ತಂತ್ರಾಂಶ, ಆದರೆ ಅದರ ಜೀವಾಳವಿರುವುದು ಕ್ಷಣಕ್ಷಣಕ್ಕೂ ಅಂಕಿ ಕಳಿಸುವ ಯಂತ್ರಗಳ ನಿಗಾದಲ್ಲಿ. ಡ್ಯಾಶ್ ಮತ್ತು ಶೈನಿ ಎಂಬ ಸಾಧನಗಳಲ್ಲಿ ಏನು ಬೇಕಾದರೂ ಕಟ್ಟಬಹುದು, ಆದರೆ ಪ್ರತಿ ಹೊಸ ಚಾರ್ಟಿಗೂ ಪೈಥಾನ್ ಅಥವಾ ಆರ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರೊಬ್ಬರು ಬೇಕು. ಕೋಡ್ ಬರೆಯದ ಸಹೋದ್ಯೋಗಿಯೂ ಕೋಷ್ಟಕ ಆರಿಸಿ, ಕಾಲಂ ಆರಿಸಿ ತಾನೇ ಚಾರ್ಟ್ ಮಾಡುವಂತಿರಬೇಕು ಎಂಬ ಕಾರಣಕ್ಕೆ ನಾವು ಅಪಾಚೆ ಸೂಪರ್‌ಸೆಟ್ ಎಂಬ, ಡೇಟಾಬೇಸಿನ ಅಂಕಿಗಳನ್ನು ಚಾರ್ಟುಗಳಾಗಿ ವೆಬ್‌ನಲ್ಲಿ ತೋರಿಸುವ ಮುಕ್ತ ತಂತ್ರಾಂಶವನ್ನು ಆರಿಸಿಕೊಂಡೆವು. 2015ರಲ್ಲಿ ಏರ್‌ಬಿಎನ್‌ಬಿ ಕಂಪನಿಯೊಳಗೆ ಮ್ಯಾಕ್ಸಿಮ್ ಬೋಶ್ಮನ್ ಎಂಬ ಎಂಜಿನಿಯರ್ ಆರಂಭಿಸಿದ ಈ ಯೋಜನೆ 2017ರಲ್ಲಿ ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಬಂದು, 2021ರಲ್ಲಿ ಅದರ ಪೂರ್ಣ ಪ್ರಮಾಣದ ಯೋಜನೆಯಾಯಿತು. ಒಳಗಡೆ ಇರುವುದು ಪೈಥಾನಿನ ಫ್ಲಾಸ್ಕ್ ಎಂಬ ವೆಬ್ ಚೌಕಟ್ಟು, ಪರದೆಯ ಮೇಲೆ ಕಾಣುವುದು ರಿಯಾಕ್ಟ್, ಬಹುತೇಕ ಚಾರ್ಟುಗಳನ್ನು ಬಿಡಿಸುವುದು ಇ-ಚಾರ್ಟ್ಸ್. ಪರವಾನಗಿ ಶುಲ್ಕವಿಲ್ಲ ಎಂಬುದು ನಮ್ಮಂಥ ಸಂಸ್ಥೆಗೆ ಸಣ್ಣ ಮಾತಲ್ಲ.

ಸೂಪರ್‌ಸೆಟ್ ಅನ್ನು ಸರ್ವರಿನಲ್ಲಿ ನಿಲ್ಲಿಸಲು ಮೂರು ದಾರಿಗಳಿವೆ: ತಂತ್ರಾಂಶವನ್ನು ಸಿದ್ಧ ಕಟ್ಟಾಗಿ ಎಬ್ಬಿಸುವ ಡಾಕರ್ ಕಂಪೋಸ್, ಅಂಥ ಕಟ್ಟುಗಳನ್ನು ಹಲವು ಯಂತ್ರಗಳ ಮೇಲೆ ನಡೆಸುವ ಕುಬರ್ನೆಟಿಸ್ ಅಥವಾ ಪೈಥಾನ್ ಪೊಟ್ಟಣಗಳನ್ನು ತಂದು ಹಾಕುವ ಪಿಪ್ ಮೂಲಕ ನೇರ ಸ್ಥಾಪನೆ. ಡಾಕರ್ ಕಂಪೋಸ್ ವಿಧಾನದಲ್ಲಿ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಎದ್ದು ನಿಲ್ಲುತ್ತದೆಯಾದರೂ ಅದನ್ನು ಜನ ಬಳಸುವ ಸರ್ವರಿಗೆ ಶಿಫಾರಸು ಮಾಡುವುದಿಲ್ಲವೆಂದು ಯೋಜನೆಯ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಕುಬರ್ನೆಟಿಸ್ ನಮ್ಮ ಗಾತ್ರಕ್ಕೆ ಮೀರಿದ್ದು. ಹಾಗಾಗಿ 4 ಜಿಬಿ ಮೆಮೊರಿ ಮತ್ತು ಎರಡು ಕೋರ್‌ಗಳಿದ್ದ ಒಂದೇ ಸರ್ವರಿನ ಮೇಲೆ ಉಬುಂಟು 22.04 ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿ, ಪಿಪ್ ದಾರಿಯನ್ನೇ ಹಿಡಿದೆವು. ಉಬುಂಟುವಿನ ಹೊಸ ಆವೃತ್ತಿಯಾದ 24.04 ಆಗಲೇ ಬಂದಿತ್ತು. ಆದರೆ ಅದರಲ್ಲಿರುವ ಪೈಥಾನ್ 3.12 ನಾವು ಹಾಕಲಿದ್ದ ಸೂಪರ್‌ಸೆಟ್ 4ಕ್ಕೆ ಹೊಂದುತ್ತಿರಲಿಲ್ಲ. ಹಳೆಯದರಲ್ಲಿರುವ 3.10 ಹೊಂದುತ್ತಿತ್ತು. ಸರ್ವರ್ ಬಾಡಿಗೆಗೆ ಪಡೆಯುವ ಮೊದಲೇ ಈ ಹೊಂದಾಣಿಕೆಯನ್ನು ನೋಡಿಕೊಂಡರೆ ಮುಂದಿನ ಎಷ್ಟೋ ತಲೆನೋವು ತಪ್ಪುತ್ತದೆ.

ಕಂಪೈಲರ್, ಪೈಥಾನಿನ ಡೆವಲಪ್‌ಮೆಂಟ್ ಪೊಟ್ಟಣ, ಎಸ್‌ಎಸ್‌ಎಲ್ ಮತ್ತು ಎಲ್‌ಡ್ಯಾಪ್ ಲೈಬ್ರರಿಗಳನ್ನು ಮೊದಲು ಹಾಕಿ, ಸೂಪರ್‌ಸೆಟ್‌ಗೆಂದೇ ಲಾಗಿನ್ ಅಧಿಕಾರವಿಲ್ಲದ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ, ಅವನ ಹೆಸರಿನಲ್ಲಿ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಪೈಥಾನ್ ಪೊಟ್ಟಣಗಳಿಗೆ ಪ್ರತ್ಯೇಕ ಜಾಗ, ಮಾಡಿಕೊಂಡೆವು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸೂಪರ್‌ಸೆಟ್ ನೂರಕ್ಕೂ ಹೆಚ್ಚು ಪೈಥಾನ್ ಪೊಟ್ಟಣಗಳ ಮೇಲೆ ನಿಂತಿದೆ. ಬರೀ ಹೆಸರು ಹೇಳಿ ಪಿಪ್‌ಗೆ ಬಿಟ್ಟರೆ ಅದು ಅವತ್ತಿಗೆ ಸಿಗುವ ಹೊಸ ಆವೃತ್ತಿಗಳನ್ನು ಎಳೆದು ತರುತ್ತದೆ, ಅವುಗಳಲ್ಲಿ ಯಾವುದೋ ಒಂದು ಹೊಸತನ ಇಡೀ ತಂತ್ರಾಂಶವನ್ನು ಏಳದಂತೆ ಮಾಡಿಬಿಡಬಹುದು. ಆಯಾ ಬಿಡುಗಡೆಯ ಮೂಲ ಸಂಗ್ರಹದಲ್ಲಿ, ಪರೀಕ್ಷಿಸಿದ ಆವೃತ್ತಿಗಳ ಪಟ್ಟಿಯೊಂದು ಇರುತ್ತದೆ. ಆ ಪಟ್ಟಿಯನ್ನು ಪಿಪ್‌ಗೆ ಕಟ್ಟುಪಾಡಾಗಿ ಕೊಟ್ಟು ಸ್ಥಾಪಿಸಿದ್ದರಿಂದ ನಮ್ಮ ಸ್ಥಾಪನೆ ಮೊದಲ ಸಲಕ್ಕೇ ಸರಾಗವಾಗಿ ಮುಗಿಯಿತು.

ಸೂಪರ್‌ಸೆಟ್‌ಗೆ ತನ್ನದೇ ಒಂದು ಡೇಟಾಬೇಸ್ ಬೇಕು. ಬಳಕೆದಾರರು, ಚಾರ್ಟುಗಳು, ಡ್ಯಾಶ್‌ಬೋರ್ಡುಗಳು (ಹಲವು ಚಾರ್ಟುಗಳನ್ನು ಜೋಡಿಸಿದ ಪುಟಗಳು), ಅನುಮತಿಗಳು ಎಲ್ಲವೂ ಅಲ್ಲಿರುತ್ತವೆ. ಏನೂ ಹೇಳದಿದ್ದರೆ ಅದು ಎಸ್‌ಕ್ಯೂಲೈಟ್ ಕಡತವೊಂದನ್ನು ಬಳಸಿಕೊಳ್ಳುತ್ತದೆ, ಆದರೆ ಏಕಕಾಲಕ್ಕೆ ಹಲವರು ಬರೆಯುವ ಕಡೆ ಅದು ತಾಳುವುದಿಲ್ಲ. ನಾವು ಉಬುಂಟುವಿನೊಂದಿಗೆ ಬರುವ ಪೋಸ್ಟ್‌ಗ್ರೆಸ್ 14 ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಎರಡು ಡೇಟಾಬೇಸುಗಳನ್ನು ಮಾಡಿದೆವು: ಒಂದು ಸೂಪರ್‌ಸೆಟ್‌ನ ಸ್ವಂತ ಬಳಕೆಗೆ, ಇನ್ನೊಂದು ಬಾವಿಗಳ ಅಳತೆಗೆ. ಎರಡಕ್ಕೂ ಬೇರೆ ಬೇರೆ ಬಳಕೆದಾರರು, ಬೇರೆ ಬೇರೆ ಪಾಸ್‌ವರ್ಡುಗಳು. ಅಳತೆಯ ಡೇಟಾಬೇಸಿಗೆ ಸೂಪರ್‌ಸೆಟ್ ಹೋಗುವುದು ಓದುವ ಅಧಿಕಾರ ಮಾತ್ರ ಇರುವ ಬಳಕೆದಾರನಾಗಿ. ಯಾರಾದರೂ ಡೇಟಾಬೇಸಿಗೆ ನೇರ ಆದೇಶ ಬರೆಯುವ ಸೂಪರ್‌ಸೆಟ್‌ನ ಎಸ್‌ಕ್ಯೂಎಲ್ ಲ್ಯಾಬ್‌ನಲ್ಲಿ ಅಳಿಸುವ ಆದೇಶ ಬರೆದರೂ ಪೋಸ್ಟ್‌ಗ್ರೆಸ್ ಅದನ್ನು ಒಪ್ಪುವುದಿಲ್ಲ.

ಸಂರಚನಾ ಕಡತದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸೀಕ್ರೆಟ್ ಕೀ. ಲಾಗಿನ್ ಆದವರ ಬ್ರೌಸರಿಗೆ ಕೊಡುವ ಸೆಷನ್ ಕುಕೀಗೆ (ಒಳಬಂದವರು ಯಾರೆಂದು ಗುರುತಿಸುವ ಚೀಟಿಗೆ) ಸಹಿ ಹಾಕುವುದು ಈ ಕೀಲಿಯೇ. ಬೇರೆ ಡೇಟಾಬೇಸುಗಳ ಪಾಸ್‌ವರ್ಡುಗಳನ್ನು ಗೂಢಲಿಪಿಯಲ್ಲಿ ಬಚ್ಚಿಡುವುದೂ ಇದೇ. ಬಹುಕಾಲ ಸೂಪರ್‌ಸೆಟ್ ಒಂದು ಪೂರ್ವನಿಗದಿತ ಕೀಲಿಯೊಂದಿಗೆ ಬರುತ್ತಿತ್ತು, ಅದನ್ನು ಬದಲಿಸದೆಯೇ ಸರ್ವರ್ ತೆರೆದವರು ಅನೇಕರಿದ್ದರು. ಆ ಕೀಲಿ ಜಗತ್ತಿಗೇ ಗೊತ್ತಿದ್ದುದರಿಂದ ಯಾರು ಬೇಕಾದರೂ ನಿರ್ವಾಹಕನ ಹೆಸರಿನ ಕುಕೀಯನ್ನು ತಾವೇ ತಯಾರಿಸಿ ಒಳಹೊಗಬಹುದಿತ್ತು. 2023ರ ಏಪ್ರಿಲ್‌ನಲ್ಲಿ ಈ ದೋಷ ಸಿವಿಇ-2023-27524 ಎಂಬ ಸಂಖ್ಯೆಯಡಿ ಪ್ರಕಟವಾಯಿತು, 2.1ನೇ ಆವೃತ್ತಿಯಿಂದ ಈಚೆಗೆ ಹಳೆಯ ಕೀಲಿಯಿದ್ದರೆ ತಂತ್ರಾಂಶ ಏಳಲು ನಿರಾಕರಿಸುತ್ತದೆ. ಓಪನ್‌ಎಸ್‌ಎಸ್‌ಎಲ್ ಆದೇಶದಿಂದ 42 ಬೈಟ್‌ಗಳ ಯಾದೃಚ್ಛಿಕ ಕೀಲಿ ತಯಾರಿಸುವುದು ಕ್ಷಣದ ಕೆಲಸ. ಅದನ್ನು ಜೋಪಾನವಾಗಿಡುವುದೇ ನಿಜವಾದ ಕೆಲಸ. ಕೀಲಿ ಕಳೆದರೆ ಡೇಟಾಬೇಸಿನ ಬ್ಯಾಕಪ್ ಇದ್ದರೂ ಅದರೊಳಗಿನ ಪಾಸ್‌ವರ್ಡುಗಳನ್ನು ಬಿಡಿಸಲಾಗದು. ನಾವು ಕೀಲಿಯನ್ನು ಸಂರಚನಾ ಕಡತದಲ್ಲಿ ಬರೆಯದೆ, ಸೇವೆಯ ಬಳಕೆದಾರ ಮಾತ್ರ ಓದಬಲ್ಲ ಬೇರೊಂದು ಕಡತದಲ್ಲಿಟ್ಟು, ಅದರ ಪ್ರತಿಯೊಂದನ್ನು ಸಂಸ್ಥೆಯ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಇರಿಸಿದೆವು.

ಇದಾದ ಮೇಲೆ ಡೇಟಾಬೇಸಿನ ರಚನೆಯನ್ನು ಸಿದ್ಧಪಡಿಸುವ, ನಿರ್ವಾಹಕನನ್ನು ಸೃಷ್ಟಿಸುವ, ಪಾತ್ರ ಮತ್ತು ಅನುಮತಿಗಳನ್ನು ತುಂಬುವ ಮೂರು ಆದೇಶಗಳನ್ನು ಇದೇ ಕ್ರಮದಲ್ಲಿ ಕೊಡಬೇಕು. ಅಲ್ಲಿಗೆ ಸೂಪರ್‌ಸೆಟ್ 8088ನೇ ಪೋರ್ಟಿನಲ್ಲಿ ಏಳುತ್ತದೆ. ಆದರೆ ಹಾಗೆ ಏಳುವುದು ಅಭಿವೃದ್ಧಿಗಾರರ ಸರ್ವರ್. ಜನರ ಬಳಕೆಗೆ ಹಲವರ ಕೋರಿಕೆಗಳನ್ನು ಏಕಕಾಲಕ್ಕೆ ನಿಭಾಯಿಸುವ ಗುನಿಕಾರ್ನ್ ಎಂಬ ಸರ್ವರ್ ತಂತ್ರಾಂಶ ಬೇಕು. ಜಿ-ಇವೆಂಟ್ ಬಗೆಯ ವರ್ಕರ್‌ಗಳೊಂದಿಗೆ (ಕೋರಿಕೆ ಪೂರೈಸುವ ಪ್ರಕ್ರಿಯೆಗಳೊಂದಿಗೆ), ಹೊರಗಿನ ಜಾಲಕ್ಕೆ ತೆರೆದುಕೊಳ್ಳದೆ, ಯಂತ್ರದ ಒಳವಿಳಾಸಕ್ಕೆ ಮಾತ್ರ ಕಟ್ಟಿದ ಗುನಿಕಾರ್ನ್ ಅನ್ನು, ಯಂತ್ರ ಎದ್ದೊಡನೆ ತಾನೂ ಏಳುವ ಸಿಸ್ಟಮ್‌ಡಿ ಸೇವೆಯಾಗಿ ಮಾಡಿದೆವು. ಪ್ರತಿ ವರ್ಕರ್ ನೂರಾರು ಎಂಬಿ ಮೆಮೊರಿ ತಿನ್ನುತ್ತದೆ, ಅದೇ ಯಂತ್ರದಲ್ಲಿ ಪೋಸ್ಟ್‌ಗ್ರೆಸ್, ಫಲಿತಾಂಶಗಳನ್ನು ತಾತ್ಕಾಲಿಕವಾಗಿ ಉಳಿಸಿಡುವ ರೆಡಿಸ್, ಹಿನ್ನೆಲೆಯ ಕೆಲಸಗಳನ್ನು ಮಾಡುವ ಸೆಲರಿ ಕೂಡ ಇರುವುದರಿಂದ ಎರಡು ವರ್ಕರ್‌ಗಳಿಗೇ ನಿಂತು, 2 ಜಿಬಿ ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗ) ಸೇರಿಸಿದೆವು. ಟರ್ಮಿನಲ್‌ನಲ್ಲಿ ಹೇಳಿಕೊಟ್ಟ ಎನ್ವಿರಾನ್‌ಮೆಂಟ್ ಚರಾಂಶಗಳು ಸಿಸ್ಟಮ್‌ಡಿಗೆ ಕಾಣುವುದಿಲ್ಲವಾದ್ದರಿಂದ ಸಂರಚನಾ ಕಡತದ ದಾರಿಯನ್ನು ಸೇವೆಯ ಕಡತದಲ್ಲಿಯೇ ಬರೆಯಬೇಕು. ಇದನ್ನು ಬಿಟ್ಟರೆ ಕೈಯಿಂದ ಎಬ್ಬಿಸಿದಾಗ ಸರಿಯಾಗಿರುವ ತಂತ್ರಾಂಶ ಸರ್ವರ್ ರೀಬೂಟ್ ಆದೊಡನೆ ಖಾಲಿ ಡೇಟಾಬೇಸು ಹುಡುಕಿಕೊಂಡು ಹೋಗುತ್ತದೆ.

ಮುಂದೆ ಎಂಜಿನ್‌ಎಕ್ಸ್, ಅಂದರೆ ಹೊರಗಿನ ಕೋರಿಕೆಗಳನ್ನು ಪಡೆದು ಒಳಗಿನ ಗುನಿಕಾರ್ನ್‌ಗೆ ದಾಟಿಸುವ ವೆಬ್ ಸರ್ವರ್. ಸೂಪರ್‌ಸೆಟ್ 4ನ್ನು ನಮ್ಮ ಮುಖ್ಯ ಜಾಲತಾಣದ ಒಂದು ಉಪದಾರಿಯಡಿ ಇಡುವುದು ಕಷ್ಟ, ಆದ್ದರಿಂದ ಅದಕ್ಕೆಂದೇ ಒಂದು ಸಬ್‌ಡೊಮೈನ್ ಮಾಡಿಸಿದೆವು. ಸುರಕ್ಷಿತ ಸಂಪರ್ಕಕ್ಕೆಂದು (ಎಚ್‌ಟಿಟಿಪಿಎಸ್) ನಾವು ಪಡೆದ ಲೆಟ್ಸ್ ಎನ್‌ಕ್ರಿಪ್ಟ್‌ನ ಪ್ರಮಾಣಪತ್ರ 90 ದಿನ ಮಾತ್ರ ಬಾಳುವಂಥದ್ದು, ಸರ್ಟ್‌ಬಾಟ್ ಎಂಬ ತಂತ್ರಾಂಶ ಅದನ್ನು ತಾನೇ ನವೀಕರಿಸುತ್ತದೆ. ಎಂಜಿನ್‌ಎಕ್ಸ್‌ನ ಹಿಂದೆ ಇರುವ ಸೂಪರ್‌ಸೆಟ್‌ಗೆ ಹೊರಗಿನ ಸಂಪರ್ಕ ಎಚ್‌ಟಿಟಿಪಿಎಸ್ ಎಂದು ತಾನಾಗಿ ತಿಳಿಯುವುದಿಲ್ಲ. ಎಂಜಿನ್‌ಎಕ್ಸ್ ಮೂಲ ವಿಳಾಸ ಮತ್ತು ಪ್ರೋಟೊಕಾಲನ್ನು ಹೆಡರ್‌ಗಳಲ್ಲಿ ತಿಳಿಸಬೇಕು, ಸೂಪರ್‌ಸೆಟ್‌ನಲ್ಲಿ ಪ್ರಾಕ್ಸಿ ಫಿಕ್ಸ್ ಆಯ್ಕೆಯನ್ನು ತೆರೆಯಬೇಕು. ಎರಡೂ ಕೂಡಿದಾಗಲೇ ಲಾಗಿನ್ ನಂತರದ ಮರುನಿರ್ದೇಶನ ಸರಿಯಾದ ವಿಳಾಸಕ್ಕೆ ಹೋಗುತ್ತದೆ. ಇದರ ಜೊತೆಗೆ ಇನ್ನೆರಡು ಮಿತಿಗಳನ್ನು ಸಡಿಲಿಸಬೇಕಾಯಿತು. ಎಂಜಿನ್‌ಎಕ್ಸ್ ತಾನಾಗಿ 1 ಎಂಬಿಗಿಂತ ದೊಡ್ಡ ಕಡತವನ್ನು ಒಳಬಿಡುವುದಿಲ್ಲ, ಹಾಗಾಗಿ ವರ್ಷದ ಅಳತೆಯ ಸಿಎಸ್‌ವಿ ಕಡತ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಅಲ್ಲದೆ ಗುನಿಕಾರ್ನ್, ಎಂಜಿನ್‌ಎಕ್ಸ್ ಮತ್ತು ಸೂಪರ್‌ಸೆಟ್ ಈ ಮೂರರ ಕಾಯುವ ಅವಧಿಗಳು ಒಂದಕ್ಕೊಂದು ಹೊಂದಿರಬೇಕು.

ಇಲ್ಲಿಯವರೆಗಿನದು ಯಾವ ಭಾಷೆಯವರಿಗಾದರೂ ಒಂದೇ. ನಮ್ಮ ಹೆಚ್ಚಿನ ಶ್ರಮ ಹೋದದ್ದು ಇದರ ಮುಂದಿನ ಭಾಗಕ್ಕೆ, ಅಂದರೆ ಕನ್ನಡದ ಹೆಸರುಗಳು ಕನ್ನಡದ ಹೆಸರುಗಳಾಗಿಯೇ ಕೊನೆಯವರೆಗೂ ಉಳಿಯುವಂತೆ ಮಾಡುವುದಕ್ಕೆ. ಇದರ ಬಗ್ಗೆ ಬರೆದವರು ಕಡಿಮೆಯಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮ ಹಳೆಯ ಹಾಳೆಗಳು ಯೂನಿಕೋಡ್ ಪೂರ್ವದ ನುಡಿ ಫಾಂಟಿನಲ್ಲಿದ್ದವು. ಫಾಂಟು ತೆಗೆದರೆ ಆ ಅಕ್ಷರಗಳು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಪರಿವರ್ತಕದ ಮೂಲಕ ಇಡೀ ಹಾಳೆಯನ್ನು ಒಮ್ಮೆಲೇ ಹಾಯಿಸಿದರೆ ಇಂಗ್ಲಿಷಿನಲ್ಲಿದ್ದ ಬಾವಿ ಸಂಕೇತಗಳೂ ಕನ್ನಡ ಅಕ್ಷರಗಳಾಗಿ ಕಲಸಿಹೋಗುತ್ತವೆ, ಆದ್ದರಿಂದ ಊರು, ಹೋಬಳಿ, ತಾಲ್ಲೂಕಿನ ಕಾಲಂಗಳನ್ನು ಮಾತ್ರ ಬಿಡಿಸಿಕೊಂಡು ಪರಿವರ್ತಿಸಿದೆವು. ಡೇಟಾಬೇಸಿಗೆ ಹಾಕಿ, ತಾಲ್ಲೂಕುವಾರು ಬಾವಿಗಳ ಸಂಖ್ಯೆಯ ಪಟ್ಟಿ ಚಾರ್ಟ್ ಮಾಡಿದಾಗ ಹೊಸದುರ್ಗ ಎರಡು ಸಲ ಬಂದಿತ್ತು. ಎರಡೂ ಕಣ್ಣಿಗೆ ಒಂದೇ. ಕಾರಣ ಹುಡುಕಲು ಎರಡೂ ಪದಗಳ ಬೈಟ್‌ಗಳನ್ನು ಬಿಡಿಸಿ ನೋಡಿದೆವು. ಒಂದರಲ್ಲಿ ‘ಹೊ’ ಎಂಬಲ್ಲಿ ಒ-ಕಾರದ ಚಿಹ್ನೆ ಒಂದೇ ಸಂಕೇತವಾಗಿತ್ತು, ಇನ್ನೊಂದರಲ್ಲಿ ಎ-ಕಾರ ಮತ್ತು ಊ-ಕಾರದ ಎರಡು ಚಿಹ್ನೆಗಳು ಒಂದರ ಹಿಂದೊಂದು ಬಂದು ಅದೇ ರೂಪ ತಳೆದಿದ್ದವು. ಯೂನಿಕೋಡ್ ಪ್ರಕಾರ ಎರಡೂ ಸಮಾನ, ಆದರೆ ಡೇಟಾಬೇಸಿಗೆ ಅವು ಬೇರೆ ಬೇರೆ ಬೈಟ್‌ಗಳ ಸಾಲು. ಹೊಳಲ್ಕೆರೆ, ಮೊಳಕಾಲ್ಮುರು ಹೆಸರುಗಳಲ್ಲಿಯೂ ಇದೇ ಸ್ವರವಿರುವುದರಿಂದ ಅಲ್ಲಿಯೂ ಇದೇ ಕಥೆ. ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ ನಾರ್ಮಲೈಸ್ ಎಂಬ ಕಾರ್ಯವಿದೆ. ಅದನ್ನು ಬಳಸಿ ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಸಂಕೇತದ ರೂಪಕ್ಕೆ, ತಂದು, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳನ್ನು, ಪದದ ಕೊನೆಯ ಖಾಲಿ ಜಾಗಗಳನ್ನು ತೆಗೆದು, ಹೊಸದಾಗಿ ಬರುವ ಸಾಲುಗಳೂ ಇದೇ ಜರಡಿಯಲ್ಲಿ ಹಾದುಬರುವಂತೆ ಮಾಡಿದೆವು.

ಅಕಾರಾದಿಯದು ಇನ್ನೊಂದು ಸಂಗತಿ. ನಮ್ಮ ಡೇಟಾಬೇಸ್ ಸಂಕೇತ ಸಂಖ್ಯೆಯ ಕ್ರಮದಲ್ಲಿ ವಿಂಗಡಿಸುತ್ತಿತ್ತು. ಯೂನಿಕೋಡ್ ಕೋಷ್ಟಕದಲ್ಲಿ ‘ಳ’ ಅಕ್ಷರ ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲೇ ಇದೆ, ಕನ್ನಡದ ಕ್ರಮದಲ್ಲಿ ಅದು ‘ಹ’ ಆದ ಮೇಲೆ. ಹೀಗಾಗಿ ಹೊಳಲ್ಕೆರೆ ಮೊದಲು ಬಂದು ಹೊಸದುರ್ಗ ಆಮೇಲೆ ಬರುತ್ತಿತ್ತು. ನಿಘಂಟು ನೋಡಿ ಅಭ್ಯಾಸವಿರುವವರ ಕಣ್ಣಿಗೆ ಇದು ತಪ್ಪು. ಪೋಸ್ಟ್‌ಗ್ರೆಸ್‌ನಲ್ಲಿ ಹಲವು ಭಾಷೆಗಳ ನಿಯಮಗಳನ್ನು ಬಲ್ಲ ಐಸಿಯು ಲೈಬ್ರರಿಯ ಕನ್ನಡ ವಿಂಗಡಣೆ ಲಭ್ಯವಿದೆ. ಸೂಪರ್‌ಸೆಟ್ ಬರೆಯುವ ಎಸ್‌ಕ್ಯೂಎಲ್‌ನಲ್ಲಿ ಪ್ರತಿ ಸಲ ಅದನ್ನು ಸೇರಿಸಲಾಗದು. ಆದರೆ ಡೇಟಾಬೇಸಿನಲ್ಲಿ ಒಂದು ವ್ಯೂ (ಮೂಲ ಕೋಷ್ಟಕದಿಂದ ಆಯ್ದು ತೋರಿಸುವ ಕಾಲ್ಪನಿಕ ಕೋಷ್ಟಕ) ಮಾಡಿ, ಅದರ ತಾಲ್ಲೂಕಿನ ಕಾಲಂಗೇ ಈ ವಿಂಗಡಣೆಯನ್ನು ಅಂಟಿಸಿದರೆ, ಆ ವ್ಯೂ ಬಳಸುವ ಎಲ್ಲ ಕೋಷ್ಟಕಗಳೂ ಕನ್ನಡದ ಅಕಾರಾದಿಯಲ್ಲಿಯೇ ಬರುತ್ತವೆ. ಚಳ್ಳಕೆರೆ, ಚಿತ್ರದುರ್ಗ, ಮೊಳಕಾಲ್ಮುರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಪಟ್ಟಿ ಸರಿಯಾಗಿ ನಿಂತಾಗ ಆದ ಸಂತೋಷವನ್ನು ಇಲ್ಲಿ ಹೇಳಿಕೊಳ್ಳಲೇಬೇಕು.

ಬ್ರೌಸರಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ, ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ, ಏಕೆಂದರೆ ಅಲ್ಲಿ ಅಕ್ಷರ ಬಿಡಿಸುವುದು ನೋಡುಗರ ಸ್ವಂತ ಯಂತ್ರ. ತಿಂಗಳ ಮೊದಲ ದಿನ ಡ್ಯಾಶ್‌ಬೋರ್ಡಿನ ಚಿತ್ರವನ್ನು ಇಮೇಲ್ ಮಾಡುವ ವ್ಯವಸ್ಥೆಯಲ್ಲಿ ಹಾಗಲ್ಲ. ಅಲ್ಲಿ ಸೆಲರಿ ವರ್ಕರ್ ಸರ್ವರಿನಲ್ಲಿಯೇ ಪರದೆಯಿಲ್ಲದ ಬ್ರೌಸರ್ ತೆರೆದು, ಡ್ಯಾಶ್‌ಬೋರ್ಡನ್ನು ಬಿಡಿಸಿ, ಚಿತ್ರ ತೆಗೆಯುತ್ತದೆ. ಸರ್ವರಿನಲ್ಲಿ ಕನ್ನಡ ಫಾಂಟ್ ಇರಲಿಲ್ಲ. ಹಾಗಾಗಿ ಮೊದಲ ಇಮೇಲಿನಲ್ಲಿ ಅಂಕಿಗಳೆಲ್ಲ ಸರಿಯಾಗಿದ್ದು, ಊರು, ತಾಲ್ಲೂಕಿನ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಸಾಲುಗಟ್ಟಿದ್ದವು. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಕನ್ನಡಕ್ಕೆಂದೇ ಒಂದು ಫಾಂಟ್ ಪೊಟ್ಟಣವಿದೆ. ಗುಬ್ಬಿ ಮತ್ತು ನವಿಲು ಎಂಬ ಎರಡು ಮುಕ್ತ ಫಾಂಟುಗಳು ಅದರೊಂದಿಗೆ ಬರುತ್ತವೆ. ಅದನ್ನು ಹಾಕಿ, ಫಾಂಟ್ ಸಂಗ್ರಹವನ್ನು ಹೊಸದಾಗಿ ಓದಿಸಿ, ಸೆಲರಿಯನ್ನು ಮರಳಿ ಎಬ್ಬಿಸಿದ ಮೇಲೆ ಚಿತ್ರದಲ್ಲಿ ಹೆಸರುಗಳು ಮೂಡಿದವು. ಫಾಂಟುಗಳನ್ನು ಇಷ್ಟು ಕಾಲದಿಂದ ಮುಕ್ತವಾಗಿ ಕಾಪಾಡಿಕೊಂಡು ಬಂದವರಿಗೆ ನಮ್ಮಂಥವರು ಋಣಿಗಳು.

ಚಾರ್ಟ್ ಮಾಡುವಾಗ ಎರಡು ತೀರ್ಮಾನಗಳು ಮುಖ್ಯವಾದವು. ಕಂಬಗಳನ್ನು ನಿಲ್ಲಿಸುವ ಬದಲು ಮಲಗಿಸಿದೆವು. ಕನ್ನಡದ ಉದ್ದ ಹೆಸರುಗಳನ್ನು ಓರೆಯಾಗಿ ತಿರುಗಿಸಿದರೆ ಮೊಬೈಲಿನಲ್ಲಿ ಓದಲಾಗದು. ಎರಡನೆಯದು ಆಳದ ಪ್ರಶ್ನೆ. ನಾವು ಅಳೆಯುವುದು ನೆಲಮಟ್ಟದಿಂದ ನೀರಿರುವ ಆಳ. ಆ ಸಂಖ್ಯೆಯನ್ನೇ ಬಿಡಿಸಿದರೆ ನೀರು ಇಳಿದಂತೆಲ್ಲ ಗೆರೆ ಮೇಲೇರುತ್ತದೆ, ಅದನ್ನು ನೋಡಿದ ರೈತರು ನೀರು ಹೆಚ್ಚಿತೆಂದೇ ತಿಳಿಯುತ್ತಾರೆ. ಸೂಪರ್‌ಸೆಟ್‌ನ ಲೆಕ್ಕಾಚಾರದ ಕಾಲಂ ಸೌಲಭ್ಯದಲ್ಲಿ ಆಳವನ್ನು ಋಣಸಂಖ್ಯೆಯಾಗಿ ಮಾಡಿ, ನೆಲವನ್ನು ಸೊನ್ನೆಯಾಗಿಟ್ಟೆವು. ಈಗ ಗೆರೆ ಕೆಳಗಿಳಿದರೆ ನೀರೂ ಕೆಳಗಿಳಿದಿದೆ. 2022ರ ಸೆಪ್ಟೆಂಬರಿನಲ್ಲಿ, 1933ರ ನಂತರ ಮೊದಲ ಬಾರಿಗೆ ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿದ್ದ ತಿಂಗಳನ್ನು ಟಿಪ್ಪಣಿ ಪದರವೊಂದರಲ್ಲಿ ಗುರುತಿಸಿದ್ದೇವೆ. ಹಿರಿಯೂರಿನ ಬಾವಿಗಳ ಗೆರೆಯನ್ನು ಆ ಗುರುತಿನ ಹಿಂದೆ ಮುಂದೆ ಇಟ್ಟು ನೋಡುವುದು ಈಗ ಯಾರಿಗಾದರೂ ಸಾಧ್ಯ.

ಲಾಗಿನ್ ಇಲ್ಲದೆಯೇ ಡ್ಯಾಶ್‌ಬೋರ್ಡ್ ಕಾಣಬೇಕೆಂದು ನಿರ್ಧರಿಸಿದ ಮೇಲೆ ಅನುಮತಿಗಳ ವಿಚಾರ ಗಂಭೀರವಾಯಿತು. ಬಾವಿಯ ಕೋಷ್ಟಕದಲ್ಲಿ ಮಾಲೀಕರ ಹೆಸರು, ಫೋನ್ ಸಂಖ್ಯೆ ಇವೆ. ಅವರು ನಂಬಿಕೆಯ ಮೇಲೆ ಬಾವಿಯ ಹತ್ತಿರ ಬಿಟ್ಟುಕೊಂಡವರು. ಚಾರ್ಟಿನಲ್ಲಿ ಹೆಸರು ತೋರಿಸದಿದ್ದರೆ ಸಾಕೆಂದು ಅನ್ನಿಸಬಹುದು, ಸಾಲದು. ದತ್ತಾಂಶಕ್ಕೆ ಅನುಮತಿ ಇದ್ದವರು ಬೇರೆ ಕಾಲಂಗಳನ್ನೂ ಕೇಳಿ ಪಡೆಯಬಹುದು. ಆದ್ದರಿಂದ ಸೂಪರ್‌ಸೆಟ್ ಬಳಸುವ ಪೋಸ್ಟ್‌ಗ್ರೆಸ್ ಬಳಕೆದಾರನಿಗೆ ಮೂಲ ಕೋಷ್ಟಕವನ್ನೇ ತೋರಿಸದೆ, ಹೆಸರು ಮತ್ತು ಫೋನ್ ಇಲ್ಲದ, ಊರಿನ ಮಟ್ಟಕ್ಕೆ ನಿಲ್ಲುವ ವ್ಯೂಗಳನ್ನು ಮಾತ್ರ ತೋರಿಸಿದೆವು. ಅನಾಮಿಕ ಓದುಗರಿಗೆ ಸಿಗುವ ಪಬ್ಲಿಕ್ ಪಾತ್ರಕ್ಕೆ ಲಾಗಿನ್ ಆದ ಸಾಮಾನ್ಯ ಬಳಕೆದಾರರಿಗಿರುವ ಗಾಮಾ ಪಾತ್ರದ ಅನುಮತಿಗಳನ್ನು ಸಾರಾಸಗಟಾಗಿ ನಕಲಿಸುವ ಅವಕಾಶವಿದ್ದರೂ, ನಾವು ಡ್ಯಾಶ್‌ಬೋರ್ಡ್ ಓದಲು ಬೇಕಾದವನ್ನಷ್ಟೇ ಒಂದೊಂದಾಗಿ ಆರಿಸಿ ಕೊಟ್ಟು, ಎಸ್‌ಕ್ಯೂಎಲ್ ಲ್ಯಾಬ್ ಅನ್ನು ಕಚೇರಿಯ ಇಬ್ಬರಿಗೆ ಮೀಸಲಿಟ್ಟೆವು. ಚಾರ್ಟುಗಳ ಫಲಿತಾಂಶವನ್ನು ರೆಡಿಸ್‌ನಲ್ಲಿ ಒಂದು ದಿನ ಉಳಿಸಿಕೊಳ್ಳುವುದರಿಂದ, ತಿಂಗಳಿಗೊಮ್ಮೆ ಬದಲಾಗುವ ಅಂಕಿಗಳಿಗಾಗಿ ಪ್ರತಿ ಸಲ ಡೇಟಾಬೇಸನ್ನು ಕೇಳಬೇಕಾಗಿಲ್ಲ.

ಪ್ರತಿ ರಾತ್ರಿ ಎರಡೂ ಡೇಟಾಬೇಸುಗಳ ಬ್ಯಾಕಪ್ ಬೇರೊಂದು ಜಾಗಕ್ಕೆ ಹೋಗುತ್ತದೆ. ಡ್ಯಾಶ್‌ಬೋರ್ಡುಗಳನ್ನು ಯಾಮಲ್ ಎಂಬ ಪಠ್ಯ ಕಡತಗಳಾಗಿ ಹೊರತೆಗೆದು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿಯೂ ಇಡುತ್ತೇವೆ. ಜನರಿಗೆ ವಿಳಾಸ ಕೊಡುವ ಮೊದಲು ಖಾಲಿ ಯಂತ್ರವೊಂದರ ಮೇಲೆ ಆವೃತ್ತಿಗಳ ಪಟ್ಟಿ, ಕೀಲಿ ಮತ್ತು ಬ್ಯಾಕಪ್ ಈ ಮೂರನ್ನೇ ಹಿಡಿದು ಇಡೀ ವ್ಯವಸ್ಥೆಯನ್ನು ಮತ್ತೆ ಎಬ್ಬಿಸಿ ನೋಡಿದೆವು. ಡೇಟಾಬೇಸ್ ಸಂಪರ್ಕ ಕೀಲಿಯ ನೆರವಿನಿಂದ ತಾನಾಗಿ ತೆರೆದುಕೊಂಡಿತು, ಚಾರ್ಟುಗಳೆಲ್ಲ ಬಂದವು. ಆವೃತ್ತಿ ಏರಿಸುವ ಕೆಲಸವನ್ನೂ ಈಗ ಮೊದಲು ಆ ಯಂತ್ರದಲ್ಲಿಯೇ ಮಾಡಿ, ಡೇಟಾಬೇಸ್ ರಚನೆಯ ಬದಲಾವಣೆ ಸರಿಯಾಗಿ ಮುಗಿಯಿತೆಂದು ಕಂಡ ಮೇಲೆಯೇ ಮುಖ್ಯ ಸರ್ವರನ್ನು ಮುಟ್ಟುತ್ತೇವೆ. ವಿಳಾಸವನ್ನು ಆರೂ ತಾಲ್ಲೂಕುಗಳ ಕಾರ್ಯಕರ್ತರ ಗುಂಪಿಗೆ ಕಳಿಸಿದ ಸಂಜೆ ಹೊಳಲ್ಕೆರೆಯ ಕಾರ್ಯಕರ್ತರೊಬ್ಬರು ಫೋನ್ ಮಾಡಿ, “ಸರ್, ನಮ್ಮೂರಿನ ಹೋದ ತಿಂಗಳ ಅಳತೆ ತಪ್ಪಿದೆ, ಒಂದು ಮೀಟರ್ ಹೆಚ್ಚು ತೋರಿಸ್ತಿದೆ, ನನ್ನ ಪುಸ್ತಕದಲ್ಲಿ ಬೇರೆ ಇದೆ” ಎಂದರು. ಪುಸ್ತಕದ ಹಾಳೆಯ ಫೋಟೊ ತರಿಸಿಕೊಂಡು ನೋಡಿದರೆ ಅವರು ಹೇಳಿದ್ದೇ ಸರಿಯಾಗಿತ್ತು. ಡೇಟಾಬೇಸಿನಲ್ಲಿ ತಿದ್ದಿ, ಆ ಚಾರ್ಟಿನ ಸಂಗ್ರಹವನ್ನು ತೆರವುಗೊಳಿಸಿದೆವು.